ತುಕ್ಕಿನ ಕೈ

ಮೂಡಲಪಾಳ್ಯ
ಭಾನುವಾರ, 16 ನವೆಂಬರ್ 2025

ಗಿರಿ ಅಣ್ಣಾ,

ಹೆಂಗಿದೀಯಾ? ಕೆಮ್ಮು ಹೋಯ್ತಾ? ಹರಿಹರದಲ್ಲಿ ದೊಡ್ಡಮ್ಮ ಹೊಟ್ಟೆ ತುಂಬ ಹಾಕ್ತಾ ಇದಾಳೆ ತಾನೇ? ಇಲ್ಲಿ ಅವ್ವ ಆರಾಮಿದಾಳೆ. ಅಪ್ಪ ಮಾತ್ರ ಮೊನ್ನೆವರೆಗೂ ನಿನ್ನ ಹೆಸರೆತ್ತಿದ್ರೆ "ಕೆಲ್ಸಗೇಡಿ" ಅಂದು ಎದ್ದು ಹೋಗ್ತಿದ್ದ. ನೀನು ಯಾರ ಫೋನೂ ಎತ್ತಲ್ಲ, ಅದಕ್ಕೇ ಈ ಕಾಗದ, ಅಂಜಿನಯ್ಯ ಮಾವನ ಕೈಲಿ ಕಳಿಸ್ತಿದೀನಿ. ಒಂಬತ್ತನೇ ಕ್ಲಾಸಿಗೇ ಸ್ಕೂಲ್ ಬಿಟ್ಟವಳು ನಾನು, ಅಕ್ಷರ ನೋಡಿ ನಗಬೇಡ.

ರಾಜಾಜಿನಗರದಲ್ಲಿ ಕ್ರೋಮ್ ಹೊಳಪು ಹಾಕೋ ಆ ಪ್ಲೇಟಿಂಗ್ ಶೆಡ್ಡಿಗೆ ನನ್ನ ಸೇರಿಸಿದ್ದು ನೀನೇ. ಕ್ರೋಮ್ ತೊಳೆದ ಹಳದಿ ನೀರಿನ ತೊಟ್ಟೀಲಿ ಕಬ್ಬಿಣದ ಪ್ಲೇಟ್ ಇಳಿಬಿಟ್ಟು ಕರೆಂಟ್ ಕೊಟ್ಟು ತೋರಿಸಿದ್ದೆ. "ನೋಡೇ ಭುವಿ, ಕಬ್ಬಿಣ ತಾನೇ ಕರಗಿ ವಿಷನ ತಬ್ಕೊಂಡು ತಳಕ್ಕೆ ಕೂರುತ್ತೆ" ಅಂದಿದ್ದೆ. ಹಳದಿ ಹೋಗಿ ಮೇಲೆ ತಿಳಿನೀರು ನಿಂತಾಗ ಕಾಲೇಜಿಗೆ ಹೋದವರ ಮೇಲೆ ನಂಗಿದ್ದ ಹೊಟ್ಟೆಕಿಚ್ಚು ಒಂದು ದಿನ ಸುಮ್ನಾಗಿತ್ತು, ನಿಜ. ನಂಗೆ ಕೊಟ್ಟಿದ್ದು ಒಂದೇ ಕೆಲ್ಸ. ಪ್ಲೇಟ್ ಮೇಲೆ ಗಟ್ಟಿ ಪದರ ಕೂತ್ರೆ ಕಬ್ಬಿಣ ಕರಗಲ್ಲ, ಹಂಗಾಗಿ ಪ್ರತಿ ಶನಿವಾರ ತಂತಿ ಬ್ರಷ್ ಹಾಕಿ ಉಜ್ಜಿ, ಬುಕ್ಕಲ್ಲಿ ಟಿಕ್ ಹಾಕ್ಬೇಕು.

ಉಜ್ಜಿದ್ರೆ ಗ್ಲೌಸ್ ಒಳಗೂ ತುಕ್ಕು ಇಳಿದು ಕೈ ಕೇಸರಿ ಆಗುತ್ತೆ, ಮೂರು ದಿನ ಹೋಗಲ್ಲ. ಒಂದ್ಸಲ ಮೆಟ್ರೋಲಿ, ಅತ್ತಿಗುಪ್ಪೆ ಹತ್ರ, ಒಬ್ಬಳು ಆಂಟಿ ನನ್ನ ಕೈ ನೋಡಿ ತನ್ನ ಬ್ಯಾಗ್ ಆ ಕಡೆಗೆ ಎಳ್ಕೊಂಡ್ಳು. ನಾನೇನು ಅವಳ ಬ್ಯಾಗ್ ನೆಕ್ತಿದ್ನಾ? ಬಾಯಿಗೆ ಬಂದಿದ್ದು ಬೈಬೇಕಿತ್ತು. ಬೈಲಿಲ್ಲ, ಕೈ ದುಪಟ್ಟಾದೊಳಗೆ ಮುಚ್ಕೊಂಡೆ. ಆಮೇಲಿನ ಮೂರು ಶನಿವಾರ ಬ್ರಷ್ ಮುಟ್ಟಲೇ ಇಲ್ಲ. ಟಿಕ್ ಮಾತ್ರ ಹಾಕ್ದೆ. ಅಷ್ಟೇ ಅಣ್ಣಾ. ಬೇರೆ ಕಾರಣ ಇದ್ದಿದ್ರೆ ಹೇಳ್ತಿದ್ದೆ.

ಮೋರಿ ಕ್ಲೀನ್ ಮಾಡೋ ಮರೆಪ್ಪ ಬಂದು ಗೇಟ್ ಹತ್ರ ಕೂಗಿದ್ದು ನೆನಪಿದೆಯಲ್ಲ, "ಏನ್ರಪ್ಪಾ, ಯಾರ ಮದ್ವೆ? ಮೋರಿಗೆಲ್ಲ ಅರಿಶಿನ ಕಲಸಿ ಬಿಟ್ಟಿದೀರಾ!" ಅಂತ. ನಕ್ಕಿದ್ವಿ ನಾವು. ವಿಷ ಹೋಗದ ಆ ಹಳದಿ ನೀರಿಗೆ ಬರಿಗಾಲಲ್ಲಿ ಇಳಿದಿದ್ದ ಅವನು. ಎರಡೇ ದಿನಕ್ಕೆ ಹಿಮ್ಮಡಿ ಒಡೆದು ಹುಣ್ಣಾಯ್ತು, ಇನ್ನೂ ಬಟ್ಟೆ ಸುತ್ಕೊಂಡು ಕುಂಟ್ತಾನೆ. ಎದುರಿಗೆ ಬಂದ್ರೆ "ಊಟ ಆಯ್ತೇನವ್ವಾ" ಅಂತ ಕೇಳ್ತಾನೆ. ಬೈದಿದ್ರೂ ವಾಸಿ ಇತ್ತು.

ಓನರ್ ಗುರುಸಿದ್ದಯ್ಯನೋರು ಎಲ್ಲರ ಮುಂದೆ ನಿಂಗೆ "ಡಿಪ್ಲೊಮಾ ಮಾಡಿದೀನಿ ಅಂತೀಯಲ್ಲೋ, ಒಂದು ತೊಟ್ಟಿ ನೋಡ್ಕೊಳಕ್ಕಾಗಲ್ವಾ? ನಡಿ ಆಚೆ" ಅಂದಾಗ ನಾನು ಟೀ ಲೋಟ ಹಿಡ್ಕೊಂಡು ನಿಂತಿದ್ದೆ. ನೀನು ಚಪ್ಪಲಿ ಮೆಟ್ಕೊಂಡು ಹೋದೆ. ನಾನು ಆ ಟೀ ಪೂರ್ತಿ ಕುಡಿದೆ.

ದೊಡ್ಡಮ್ಮಂಗೆ ನಮಸ್ಕಾರ ಹೇಳು. ರಾತ್ರಿ ತಲೆಗೆ ಬಟ್ಟೆ ಕಟ್ಕೋ, ಚಳಿ ಇದೆ.

ನಿನ್ನ ತಂಗಿ ಅಂತ ಬರೆಯೋಕೆ ಮುಖ ಇಲ್ಲದ
ಭುವನೇಶ್ವರಿ

ಮರೆತಿದ್ದೆ, ಇಲ್ಲ, ಮರೆತಿರ್ಲಿಲ್ಲ, ಧೈರ್ಯ ಇರ್ಲಿಲ್ಲ: ಆವತ್ತು ಓನರ್ ಬೈಯೋ ಮುಂಚೆ, ಪದರ ಕೂತ ಪ್ಲೇಟ್ ಎತ್ತಿ ನೋಡಿದ್ಮೇಲೆ ನೀನು ನನ್ನ ಕೈ ನೋಡ್ದೆ. ತುಕ್ಕಿಲ್ಲದ ಕೈ. ನಿಂಗೆ ಆಗ್ಲೇ ಗೊತ್ತಾಗಿತ್ತು. ಯಾಕೋ ಬಾಯಿ ಬಿಡ್ಲಿಲ್ಲ? ನಿನ್ನೆ ಎಲ್ಲಾ ಪ್ಲೇಟ್ ಉಜ್ಜಿ, ಅದೇ ಕೈಯಲ್ಲಿ ಬುಕ್ ಹಿಡ್ಕೊಂಡು ಹೋಗಿ ಓನರಿಗೆ ಹೇಳ್ದೆ, ಮರೆಪ್ಪನೂ ಅಲ್ಲೇ ಇದ್ದ. ಮನೇಲಿ ಅಪ್ಪಂಗೂ ಹೇಳ್ದೆ. ಮುಂದಿನ ಸೋಮವಾರ ನಿನ್ನ ವಾಪಸ್ ಕೆಲ್ಸಕ್ಕೆ ಬರೋಕೆ ಹೇಳಿದಾರೆ. ಬಾ. ತಂಗೀನೂ ಕೆಲ್ಸದಲ್ಲಿ ಉಳಿಸ್ಕೊಳ್ಳಿ ಅಂತ ಮಾತ್ರ ಅವರನ್ನ ಕೇಳ್ಬೇಡ. ಕಾಗದದ ಮೇಲೆ ಕೇಸರಿ ಹೆಬ್ಬೆಟ್ಟು ಬಿದ್ದಿದೆ, ಒರೆಸಿಲ್ಲ.