ಗುರಾಣಿ ತಗ್ಗಿಸುವ ಪಟ್ಟು

ಜೂನ್ ತಿಂಗಳ ನಡುಭಾಗ, ಬ್ರಿಟನ್ ದಡ.

ಮಂಜಿನಲ್ಲಿ ಬಂದಿಳಿದೆವು. ಹಿಂದಿರುಗುವ ಆಸೆ ಬೇಡವೆಂದು ನಮ್ಮ ಹಡಗುಗಳನ್ನು ನಾವೇ ಸುಟ್ಟೆವು. ರೋಮಿನ ಕೈತಪ್ಪಿ ಬಂಡಾಯಗಾರರ ವಶವಾದ ಈ ಸೀಮೆಗಾಗಿ ನಾಳೆ ಯುದ್ಧ.

ಸಂಜೆ ಗುಡಾರದಲ್ಲಿ ಬಡಾಯಿ ಕೊಚ್ಚಿದೆ. "ಗುರಾಣಿ ತಗ್ಗಿಸಿ ಆಸೆ ತೋರಿಸೋನ ತಲೆಗೆ ಹೊಡೀಬೇಡ್ರೋ! ಬಲಕ್ಕೆ ಸರಿದು ಪಕ್ಕೆಗೆ ತಿವೀರಿ."

"ಹಂಗೆ ಆಡೋ ಪೆದ್ದ ಯಾವನಿದ್ದಾನೆ, ಮಾವ?" ಎಂದು ಗುಡಾರದ ಕಿರಿಯ ಸಿಪಾಯಿ ಡ್ರಾಪ್ಪೊ ನಕ್ಕ.

"ನಾನೇ ಹುಟ್ಟಿಸಿದ ಪಟ್ಟು ಕಣೋ! ಒಬ್ಬನಿಗೇ ಹೇಳ್ಕೊಟ್ಟಿರೋದು."

ಗುಡಾರದ ಏಳು ಮಂದಿ ಜೊತೆಗಾರರೂ ಚೆನ್ನಾಗಿ ಕಲಿತರು.

ಆ ಒಬ್ಬ ನನ್ನ ಅಕ್ಕನ ಮಗ ಲಿಟು. ಮೂರು ವರ್ಷದಿಂದ, ನಾಳೆ ನಮಗೆ ಎದುರಾಗುವ ಬಂಡಾಯಗಾರರ ಸೇನೆಯಲ್ಲಿದ್ದಾನೆ. ಜೀವಂತ ಕರೆತರುತ್ತೇನೆಂದು ಅಕ್ಕನ ಒಲೆ ಮುಟ್ಟಿ ಆಣೆ ಮಾಡಿ ಬಂದಿದ್ದೇನೆ.

ಈಗ ಇವರನ್ನೆಬ್ಬಿಸಿ, ಅದೆಲ್ಲ ಸುಳ್ಳು ಕಣ್ರೋ ಎನ್ನಬೇಕು. ಇಷ್ಟು ವರ್ಷ ನನ್ನ ಒಂದು ಮಾತನ್ನೂ ನಂಬದವರು, ಇವತ್ತೇ ನಂಬಿ ಮಲಗಿದ್ದಾರೆ.