ಅಂತರದ ಬಾಜಿ

ಕಾರ್ಲಿಸ್,

ನಿನ್ನ ಹೆಸರಿನ ಮೊದಲು 'ಪ್ರಿಯ' ಎಂದು ಸೇರಿಸಲು ಇನ್ನೂ ಕೈ ಬರುತ್ತಿಲ್ಲ. ಮಗಳು ಡೆಲ್ಲಾಳ ಮದುವೆಯ ದಿನ ಚರ್ಚಿನ ಅಂಗಳದಲ್ಲಿ ನೀನು ಕೈ ಚಾಚಿಕೊಂಡು ಬಂದಾಗ ನಾನು ಮುಖ ತಿರುಗಿಸಿ ಕಾರಿನ ಕಡೆ ಹೋಗಿಬಿಟ್ಟೆ. ಗೆದ್ದವನ ಸೊಕ್ಕು ಎಂದು ನೀನು ತಿಳಿದಿರಬಹುದು. ವರ್ನಾ ಖಂಡಿತ ಹಾಗೇ ತಿಳಿದಿದ್ದಾಳೆ. ನನ್ನ ಹೆಂಡತಿಯಾಗಿದ್ದಾಗಲೂ ಅವಳು ನನ್ನ ಬಗ್ಗೆ ಕೆಟ್ಟದ್ದನ್ನೇ ಮೊದಲು ಯೋಚಿಸುತ್ತಿದ್ದಳು, ಹೆಚ್ಚಿನ ಸಲ ಅದು ಸರಿಯೂ ಇರುತ್ತಿತ್ತು. ಈ ಸಲ ಮಾತ್ರ ಅದು ಸೊಕ್ಕಲ್ಲ. ಏನೆಂದು ಬಾಯಿಬಿಟ್ಟು ಹೇಳಲಾಗದೆ ಬರೆಯುತ್ತಿದ್ದೇನೆ.

ವರ್ನಾ ನನ್ನನ್ನು ಬಿಟ್ಟು ನಿನ್ನನ್ನು ಕಟ್ಟಿಕೊಂಡದ್ದಕ್ಕೆ ನನಗೆ ಹೊಟ್ಟೆಕಿಚ್ಚಾಗಲಿಲ್ಲ. ನಮ್ಮಿಬ್ಬರ ನಡುವೆ ಮಾತು ಬತ್ತಿ ಅಷ್ಟರಲ್ಲಿ ಬಹಳ ಕಾಲವಾಗಿತ್ತು. ನನ್ನನ್ನು ಉರಿಸಿದ್ದು ಶನಿವಾರಗಳು. ನಮ್ಮ ಅಲಬಾಮದಲ್ಲಿ ಹತ್ತಿ ಬರುವ ಕಾಲವೂ ಕಾಲೇಜು ಫುಟ್‌ಬಾಲಿನ ಕಾಲವೂ ಒಂದೇ. ಹತ್ತಿ ಬಂದು ಬಿದ್ದಾಗ ಬೀಜ ಬಿಡಿಸುವ ಜಿನ್ನು ನಿಲ್ಲಿಸುವಂತಿಲ್ಲ, ಜಿನ್ನು ನಿಲ್ಲದೆ ಅದರ ಮೆಕ್ಯಾನಿಕ್ ಆದ ನಾನು ಕದಲುವಂತಿಲ್ಲ. ನಾನು ಕಿವಿ ಮೂಗಿನ ತುಂಬ ಹತ್ತಿಯ ಧೂಳು ತುಂಬಿಕೊಂಡು ಬೆಲ್ಟು ಬದಲಿಸುತ್ತಿರುವಾಗ, ನೀನು ನನ್ನ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಟೆನ್ಸಾ ಸ್ಟೇಟ್ ತಂಡದ ಆಟ ನೋಡಲು ಹೋಗುತ್ತಿದ್ದೆ.

ಭಾನುವಾರ ಅವಳು ನನ್ನ ಮನೆಗೆ ಬರುವಾಗ ಗಂಟಲು ಕಟ್ಟಿರುತ್ತಿತ್ತು. ಕೂಗಿದ್ದೆಲ್ಲ ನಿನ್ನ ಪಕ್ಕದಲ್ಲಿ, ನನಗೆ ಉಳಿದದ್ದು ಆ ಒಡಕು ದನಿ. ಒಮ್ಮೆ ಹೇಳಿದಳು, "ಗೆದ್ವಿ ಅಪ್ಪ, ಆದ್ರೆ ಅಂತರ ಮುಟ್ಲಿಲ್ಲ." ಗೆದ್ದ ಮೇಲೆ ಇನ್ನೇನು ಮುಟ್ಟಬೇಕು ಎಂದು ಕೇಳಿದೆ. "ನಿಂಗೆ ಗೊತ್ತಾಗಲ್ಲ ಬಿಡು," ಎಂದು ರೊಟ್ಟಿಗೆ ಜೇನು ಸವರಿಕೊಂಡಳು. ಆ 'ಬಿಡು' ನನ್ನ ಎದೆಯಲ್ಲಿ ಎಷ್ಟು ವರ್ಷ ಮುಳ್ಳಾಗಿ ಕೂತಿತ್ತು ಗೊತ್ತೇ? ನೀನು ಅವಳಿಗೆ ಕಳೆಯುವ ಲೆಕ್ಕ ಕಲಿಸಿದ್ದೇ ಆ ಅಂತರದಿಂದ. ಬಲವಾದ ತಂಡದ ಅಂಕದಿಂದ ಇಷ್ಟು ಕಳೆ, ಉಳಿದದ್ದು ಎದುರಾಳಿಯ ಅಂಕಕ್ಕಿಂತ ಇನ್ನೂ ಹೆಚ್ಚಿದ್ದರೆ ಮಾತ್ರ ಆ ತಂಡಕ್ಕೆ ಕಟ್ಟಿದವನು ಗೆದ್ದ ಎಂದು. ಈಗ ಅವಳು ಹೈಸ್ಕೂಲಿನಲ್ಲಿ ಬೀಜಗಣಿತ ಕಲಿಸುತ್ತಾಳೆ. ಶಾಲೆಯಲ್ಲಿ ಅವಳಿಗೆ ಬಹುಮಾನ ಕೊಟ್ಟ ದಿನ ವೇದಿಕೆಯ ಮೇಲೆ ನಿಂತು, ತನಗೆ ಲೆಕ್ಕದ ರುಚಿ ಹತ್ತಿಸಿದವನು ಕಾರ್ಲಿಸ್ ಎಂದಳು. ನಾನು ಹಿಂದಿನ ಸಾಲಿನಲ್ಲಿ ಕೂತು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದೆ, ಯಾರಿಗೂ ಅನುಮಾನ ಬರಬಾರದೆಂದು. ಅವಳು ನಿನ್ನನ್ನು ಹೆಸರು ಹಿಡಿದೇ ಕರೆಯುತ್ತಾಳೆ, 'ಅಪ್ಪ' ಎನ್ನುವುದು ನನಗೊಬ್ಬನಿಗೇ. ಆ ಒಂದು ಪದ ಹಿಡಿದುಕೊಂಡು ನಾನು ಅಷ್ಟು ವರ್ಷ ದೂಡಿದೆ.

ಜಿನ್ನು ಮುಚ್ಚಿತು. ವಸಂತದಲ್ಲಿ ಡೆಲ್ಲಾಳ ಮದುವೆ ಗೊತ್ತಾಯಿತು. ಇನ್ನು ತಡಮಾಡಿದರೆ ಅವಳು ಪೂರ್ತಿ ಕೈತಪ್ಪುತ್ತಾಳೆಂದು ಸೆಪ್ಟೆಂಬರಿನಲ್ಲಿ ಬೇಯಿಸಿದ ಕಡಲೆಕಾಯಿಯ ಪಾತ್ರೆ ಹಿಡಿದುಕೊಂಡು, ಕ್ರೀಡಾಂಗಣದ ಹೊರಗೆ ನಿಂತಿದ್ದ ನಿನ್ನ ಟ್ರಕ್ಕಿನ ಹತ್ತಿರ ಬಂದೆ. ನೀನು ಹೊಗೆಯಲ್ಲಿ ಮಾಂಸ ಬೇಯಿಸುತ್ತಿದ್ದೆ. ನನ್ನನ್ನು ಕಂಡು ಅಚ್ಚರಿಪಡಲೂ ಇಲ್ಲ, ಇನ್ನೊಂದು ಕುರ್ಚಿ ಬಿಚ್ಚಿ ಹಾಕಿದೆ. ಅದಕ್ಕೂ ನನಗೆ ಮೈ ಉರಿಯಿತು. ಬೈದಿದ್ದರೆ ಹಾಯಾಗಿರುತ್ತಿತ್ತು.

ಚರ್ಚಿನ ಕೆಲಸಕಾರ್ಯ ನೋಡಿಕೊಳ್ಳುವ ಡೀಕನ್ ಆದ ನೀನು ದುಡ್ಡಿಟ್ಟು ಬಾಜಿ ಕಟ್ಟುವವನಲ್ಲ. ಸೋತವರು ಹೊಗೆಯೊಲೆಯ ಮಸಿ ತಿಕ್ಕಬೇಕು, ಅಷ್ಟೇ ನಿಮ್ಮ ಪಂಥ. ನನಗೆ ನೀನು ಮಗುವಿಗೆ ಹೇಳಿದಂತೆ ಹೇಳಿಕೊಟ್ಟೆ. "ನೋಡು ಹಾಯ್ಟ್, ಬರೀ ಯಾರು ಗೆಲ್ತಾರೆ ಅಂತ ಕಟ್ಟೋದು ಸುಲಭ. ಆದ್ರೆ ಗೆಲ್ಲೋದು ಊರಿಗೇ ಗೊತ್ತಿರೋ ತಂಡಕ್ಕೆ ಕಟ್ಟಿದ್ರೆ ನಿಂಗೆ ಸಿಗೋದು ಬರೀ ಮೂಳೆ. ಸೋಲೋ ತಂಡಕ್ಕೆ ಕಟ್ಟಿ, ಅದು ಹೇಗೋ ಗೆದ್ದುಬಿಟ್ರೆ ಇಡೀ ಹಂದಿ ನಿಂದೇ." ಯಾರು ಗೆದ್ದರೆ ನನಗೇನು ಎನ್ನುವವರಿಗೆ ಎರಡೂ ತಂಡದ ಅಂಕ ಕೂಡಿಸಿ, ಒಟ್ಟು ಇಷ್ಟಕ್ಕಿಂತ ಹೆಚ್ಚೋ ಕಡಿಮೆಯೋ ಎಂದು ಕಟ್ಟುವ ಬಾಜಿಯಿದೆ ಎಂದೂ ಹೇಳಿದೆ. ಹಂಗಾಮಿನ ಆರಂಭದಲ್ಲೇ, ಕೊನೆಗೆ ಕಪ್ ಯಾರಿಗೆ ಎಂಬುದರ ಮೇಲೆ ಕಟ್ಟಿ, ತಿಂಗಳುಗಟ್ಟಲೆ ಉಸಿರು ಹಿಡಿದು ಕೂರುವವರೂ ಇದ್ದಾರಂತೆ. ಡೆಲ್ಲಾ ನನ್ನ ತೋಳು ಹಿಡಿದು ಎಚ್ಚರಿಸಿದಳು, "ಸರಪಳಿ ಬಾಜಿಗೆ ಮಾತ್ರ ಹೋಗ್ಬೇಡ ಅಪ್ಪ. ಮೂರು ಪಂದ್ಯ ಒಟ್ಟಿಗೆ ಕಟ್ಟಿ ಎರಡು ಸರಿಯಾದ್ರೂ, ಮೂರನೇದು ಕೈಕೊಟ್ರೆ ಎಲ್ಲಾ ಹೋಯ್ತು."

ನಾನು ಸರಪಳಿಯನ್ನೇ ಕಟ್ಟಿದೆ. ಎರಡು ಸರಿಯಾದವು, ಮೂರನೆಯದು ಕೈಕೊಟ್ಟಿತು. ನಾನು ಮಸಿ ತಿಕ್ಕುವಾಗ ಅವಳು ನೀರಿನ ಪೈಪು ಹಿಡಿದು ನಗುನಗುತ್ತಾ ನಿಂತಿದ್ದಳು. ಎಷ್ಟು ವರ್ಷಗಳ ಮೇಲೆ ಆ ನಗು ನನ್ನದಾಗಿತ್ತು. ಅಷ್ಟರಲ್ಲಿ ಅವಳು ಹಿಂದೆ ತಿರುಗಿ, "ಕಾರ್ಲಿಸ್, ಬಾ ಇಲ್ಲಿ, ನನ್ನಪ್ಪನ ಮೂತಿ ನೋಡು," ಎಂದು ಕರೆದಳು. ಸಿಕ್ಕ ಒಂದು ನಗುವಿನಲ್ಲೂ ನಿನಗೆ ಪಾಲು.

ಅಕ್ಟೋಬರಿನಲ್ಲಿ ಪಾದ್ರಿಯ ಹೆಂಡತಿ ದಿನಸಿ ಅಂಗಡಿಯಲ್ಲಿ ಸಿಕ್ಕಿದಳು. ಮದುವೆಯ ದಿನ ಡೆಲ್ಲಾಳನ್ನು ತೋಳು ಹಿಡಿದು ನಡೆಸಿಕೊಂಡು ಬರುವುದು ನಾನೋ ನೀನೋ ಎಂದು ಕೇಳಿದಳು. ಮಗಳನ್ನು ಕೇಳಲು ಧೈರ್ಯ ಬರಲಿಲ್ಲ. ಕೇಳಿದರೆ ಅವಳು ಒಂದು ಕ್ಷಣ ತಡವರಿಸಿದರೂ ನಾನು ಸತ್ತಂತೆ. ಆ ಶನಿವಾರ ಅವಳು ಗೆಳತಿಯರನ್ನು ಹುಡುಕಿಕೊಂಡು ಹೋದಾಗ ನಿನ್ನ ಮುಂದೆ ಬಾಜಿ ಇಟ್ಟೆ. ಬೋರ್ಡನ್ ಟೆಕ್ ಜೊತೆಗಿನ ಪಂದ್ಯ, ಗೆದ್ದವನು ಅವಳ ತೋಳು ಹಿಡಿಯಬೇಕು. ನೀನು ಇಕ್ಕಳ ಹಿಡಿದು ಮಾಂಸದ ತುಂಡುಗಳನ್ನು ಒಂದೊಂದಾಗಿ ಮಗುಚಿದೆ.

"ಯಾವ ಥರದ ಬಾಜಿ?" ಎಂದು ಕೊನೆಗೆ ನೀನು ಕೇಳಿದೆ.

"ಅಂತರದ್ದು."

"ಹಾಗಾದ್ರೆ ಟೆನ್ಸಾ ಕಡೆ ನಾನು. ಆರೂವರೆ ಅಂಕ ನಿಂಗೆ ಬಿಟ್ಟುಕೊಟ್ಟೆ, ಅಂದ್ರೆ ಟೆನ್ಸಾ ಏಳಾದ್ರೂ ಅಂಕದಿಂದ ಗೆದ್ರೆ ಮಾತ್ರ ನಾನು ಗೆದ್ದ ಹಾಗೆ. ಅವಳಿಗೆ ಮಾತ್ರ ಇದು ಗೊತ್ತಾಗೋದು ಬೇಡ."

ಆ ಪಂದ್ಯ ಬರುವವರೆಗೆ ನಾನು ಒಂದು ಶನಿವಾರವನ್ನೂ ತಪ್ಪಿಸಲಿಲ್ಲ. ಶತ್ರುವಿನ ಮೇಲೆ ಕಣ್ಣಿಡಲು ಬರುತ್ತಿದ್ದೇನೆ ಎಂದುಕೊಂಡಿದ್ದೆ.

ಪಂದ್ಯದ ದಿನ ನಾವು ಮೂವರೂ ಒಂದೇ ಬೆಂಚಿನಲ್ಲಿ, ಅವಳು ನಡುವೆ. ಅವಳು ತನ್ನ ತಂಡಕ್ಕಾಗಿ ಕೂಗುವಾಗಲೆಲ್ಲ ನಾನು ಒಳಗೊಳಗೇ ಆ ತಂಡ ಮುಗ್ಗರಿಸಲಿ ಎಂದು ಬೇಡುತ್ತಿದ್ದೆ. ಅವಳ ಖುಷಿಯ ವಿರುದ್ಧವೇ ಬೇಡಿಕೊಳ್ಳುವುದು ಎಂಥ ಪಾಡೆಂದು ನಿನಗೆ ಗೊತ್ತಿರಲಾರದು. ಕೊನೆಯ ಹೊತ್ತಿಗೆ ಟೆನ್ಸಾ ಮೂರು ಅಂಕ ಮುಂದಿತ್ತು, ಚೆಂಡೂ ಅವರ ಕೈಯಲ್ಲೇ. ಅವರ ಹುಡುಗನೊಬ್ಬ ಚೆಂಡು ಅವಚಿಕೊಂಡು ಬಯಲಿನುದ್ದಕ್ಕೂ ಓಡಿದ. ತಡೆಯುವವರು ಯಾರೂ ಇರಲಿಲ್ಲ. ಗೀಟು ದಾಟಿದರೆ ಇನ್ನೂ ಆರು ಅಂಕ, ನನ್ನ ಕಥೆ ಮುಗಿದಂತೆ. ನಾನು ಕಣ್ಣು ಮುಚ್ಚಿದೆ. ತೆರೆದಾಗ ಆ ಹುಡುಗ ಗೀಟಿನ ಈಚೆಗೇ ಬೇಕೆಂದೇ ಕೂತುಬಿಟ್ಟಿದ್ದ. ಗೀಟು ದಾಟಿದರೆ ಚೆಂಡು ಎದುರಾಳಿಗಳ ಕೈಗೆ ಹೋಗುತ್ತದೆ, ಕೂತರೆ ಗಡಿಯಾರ ಓಡಿ ಪಂದ್ಯ ಅಲ್ಲಿಗೇ ಮುಗಿಯುತ್ತದೆ. ಟೆನ್ಸಾ ಗೆದ್ದಿತು, ಮೂರೇ ಅಂಕದಿಂದ. ಬಾಜಿ ಗೆದ್ದವನು ನಾನು. ಡೆಲ್ಲಾ ನಮ್ಮಿಬ್ಬರ ಕತ್ತನ್ನೂ ತಬ್ಬಿ ಕುಣಿದಳು. ಅವಳ ತಲೆಯ ಮೇಲಿಂದ ನೀನು ನನ್ನ ಕಡೆ ನೋಡಿ ಹ್ಯಾಟು ಎತ್ತಿದೆ, ಅಷ್ಟೆ.

ಮದುವೆಯ ದಿನ ಚರ್ಚಿನ ಬಾಗಿಲ ಹಿಂದೆ ಅವಳೂ ನಾನೂ ಸಂಗೀತ ಶುರುವಾಗುವುದನ್ನೇ ಕಾಯುತ್ತಿದ್ದೆವು. ನನ್ನ ಕೋಟಿನ ಹೂವು ಸರಿಮಾಡುತ್ತಾ ಅವಳು ನಿನ್ನ ಸುದ್ದಿ ಎತ್ತಿದಳು, ಬೆಳಿಗ್ಗೆಯಿಂದ ಕಾರ್ಲಿಸ್ ಏನೂ ತಿಂದಿಲ್ಲ ಎಂದು. ಆ ಗಳಿಗೆಯಲ್ಲೂ ನಿನ್ನ ಹೆಸರು. ನನಗೆ ತಡೆಯಲಾಗಲಿಲ್ಲ. ನಿನ್ನನ್ನು ಸೋಲಿಸಿ ಈ ಜಾಗ ಗಳಿಸಿದ್ದೇನೆ ಎಂದು ಬಾಜಿಯ ಕಥೆಯನ್ನೆಲ್ಲ ಹೇಳಿಬಿಟ್ಟೆ.

ಅವಳು ನನ್ನ ಮುಖವನ್ನೇ ನೋಡಿದಳು. "ಅದ್ಹೇಗಾಗುತ್ತೆ? ನಾನು ಜೂನ್‌ನಲ್ಲೇ ಕಾರ್ಲಿಸ್‌ಗೆ ಹೇಳಿದ್ದೆನಲ್ಲ, ನನ್ನ ಜೊತೆ ನಡೆಯೋದು ಅಪ್ಪನೇ ಅಂತ. ಅವನಿಗೆ ನೋವಾಗ್ಬಾರ್ದು ಅಂತ ಮೊದಲು ಅವನ ಹತ್ರಾನೇ ಹೋಗಿದ್ದೆ."

ನನಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ನಿಂಗೆ ಹೇಳೋದೇನಿದೆ? ನೀನು ಅಪ್ಪ ಅಲ್ವಾ?"

ಬಾಗಿಲು ತೆರೆಯಿತು. ನಾನು ಹೇಗೆ ಹೆಜ್ಜೆ ಹಾಕಿದೆನೋ ನೆನಪಿಲ್ಲ.

ಅಂದಿನಿಂದ ನಿನ್ನನ್ನು ಮನಸ್ಸಿನಲ್ಲೇ ಕೇಳುತ್ತಿದ್ದೇನೆ. ನಿನ್ನ ಕೈಯಲ್ಲಿ ಇಲ್ಲದ್ದನ್ನು ನೀನು ಯಾಕೆ ಪಣಕ್ಕಿಟ್ಟೆ? ಬಾಜಿಯ ನೆಪದಲ್ಲಾದರೂ ನಾನು ಶನಿವಾರಕ್ಕೊಮ್ಮೆ ಬಂದು ಮಗಳ ಪಕ್ಕ ಕೂರಲಿ ಎಂದೇ? ಹಾಗಿದ್ದರೆ ನನಗೆ ಇನ್ನಷ್ಟು ಉರಿಯುತ್ತದೆ. ನಿನ್ನ ಜಾಗದಲ್ಲಿ ನಾನಿದ್ದರೆ ನನಗೆ ಹಾಗೆ ಹೊಳೆಯುತ್ತಲೂ ಇರಲಿಲ್ಲ. ಇಲ್ಲಾ, ಬೇರೆ ಕಾರಣವೂ ಇರಬಹುದು. ಡೆಲ್ಲಾ ನಿನಗೆ ಆಗಲೇ ಇಲ್ಲವೆಂದಿದ್ದಳು. ಆ ಹಾದಿಯಲ್ಲಿ ನಡೆಯಲು ನಿನಗೂ ಹಕ್ಕಿದೆ ಎಂದು ಈ ಲೋಕದಲ್ಲಿ ನಂಬಿದ್ದವನು ನಾನೊಬ್ಬನೇ, ನಿನ್ನನ್ನು ಕಂಡರಾಗದ ನಾನು. ಪಂದ್ಯ ಮುಗಿಯುವವರೆಗಾದರೂ ಆ ನಂಬಿಕೆಯಲ್ಲಿ ಇರೋಣ ಎನಿಸಿತೇನೋ ನಿನಗೆ.

ಹಾಗೆಂದು ನಾನು ಸುಮ್ಮನೆ ಊಹಿಸುತ್ತಿಲ್ಲ. ಅವಳು ನನ್ನ ತೋಳು ಹಿಡಿದು ನಡೆಯುವಾಗ ಎರಡನೆಯ ಸಾಲಿನಲ್ಲಿ ಎದ್ದು ನಿಂತಿದ್ದ ನಿನ್ನನ್ನು ದಾಟಿಕೊಂಡೇ ಹೋದೆ. ನೀನು ಎಲ್ಲರಿಗಿಂತ ಅಗಲವಾಗಿ ನಗುತ್ತಿದ್ದೆ. ನಿನ್ನ ಕಣ್ಣು ಮಾತ್ರ ಅವಳ ಮೇಲಿರಲಿಲ್ಲ, ಅವಳ ಕೈಯಿದ್ದ ನನ್ನ ತೋಳಿನ ಮೇಲಿತ್ತು. ಕಾರ್ಲಿಸ್, ಆ ನೋಟ ನನಗೆ ಗೊತ್ತು. ಆ ಮುಖ ಹೊತ್ತುಕೊಂಡೇ ನಾನು ಇಷ್ಟು ವರ್ಷ ಬದುಕಿದ್ದೇನೆ. ಅಂಗಳದಲ್ಲಿ ನೀನು ಕೈ ಚಾಚಿದಾಗ ಆ ಮುಖವನ್ನು ಇನ್ನೊಮ್ಮೆ ಎದುರುಗೊಳ್ಳಲು ನನಗಾಗಲಿಲ್ಲ.

ಡೆಲ್ಲಾಳ ಮತ್ತು ಅವಳ ಗಂಡನ ಸಂಸಾರ ತಂಪಾಗಿರಲಿ. ನಿನ್ನನ್ನೂ ದೇವರು ಚೆನ್ನಾಗಿಟ್ಟಿರಲಿ, ಈ ಮಾತು ಮನಸ್ಸಿನಿಂದಲೇ ಬರೆದಿದ್ದೇನೆ.

ಡೆಲ್ಲಾಳ ಅಪ್ಪ,
ಹಾಯ್ಟ್