ಬೂದಿ ತೊಳೆದ ಅಲಸಂದೆ

ನೆಗೆಣ್ಣಿಯಾಗಿ ಸಿಕ್ಕು ನನಗೆ ಅಕ್ಕನೇ ಆದವಳೇ,

ನೀನು ತೀರಿಹೋದ ಹನ್ನೊಂದನೆಯ ದಿನ ಬಡಿಸಿದ ಅಲಸಂದೆ ಪಲ್ಯದ ವಾಸನೆ ಇನ್ನೂ ನನ್ನ ಕೈ ಬಿಟ್ಟಿಲ್ಲ. ಈಗ ಆ ಕಾಳು ಕಂಡರೆ ಹೇಸಿಗೆ. ನನ್ನನ್ನು ಕಂಡರೂ ಅಷ್ಟೇ. ಅದು ನಿನ್ನ ಬೀಜದ ಗಡಿಗೆಯ ಕಾಳು, ಅಕ್ಕಾ. ಹೇಳಿಬಿಟ್ಟೆ.

ನಾನು ಮದುವೆಯಾಗಿ ಬಂದ ವರ್ಷ ನೀನು ನನ್ನನ್ನು ಗಲಗಲಿ ಊರಿನ ನಮ್ಮ ಹೊಲದ ಕೆಳಗಿನ ಮೂಲೆಗೆ ಕರೆದೊಯ್ದಿದ್ದೆ, ನೆನಪಿದೆಯೇ? ಕಬ್ಬಿಗೆ ಹೊಳೆ ನೀರು ಬಿಟ್ಟು ಬಿಟ್ಟು ನೆಲ ಬೆಳ್ಳಗೆ ಉಪ್ಪು ಕಕ್ಕಿತ್ತು. “ನಿಮ್ಮ ಭಾವ ಹೊಲಾನ ಉಪ್ಪಿನಕಾಯಿ ಹಾಕ್ಯಾರ ನೋಡ” ಎಂದು ನಿನ್ನ ಗಂಡನನ್ನು ಆಡಿಕೊಂಡು ನಕ್ಕಿದ್ದೆ. ಕಬ್ಬು ಸತ್ತ ಅದೇ ಮೂಲೆಯಲ್ಲಿ ನಿನ್ನ ಅಲಸಂದೆ ನಿಂತಿತ್ತು. ಹಳದಿಯಾದ ಕೆಳಗಿನ ಎಲೆಗಳನ್ನು ನಾನು ರೋಗವೆಂದು ಕೀಳಹೋದೆ. ಕೈ ಹಿಡಿದೆ ನೀನು. “ಏ ತಂಗಿ, ಬಿಡ ಅದನ್ನ. ಉಪ್ಪು ತಾ ನುಂಗಿ ಸಾಯಾಕತ್ತೈತಿ, ಮ್ಯಾಲಿನ ಎಲಿ ಬದುಕ್ಲಿ ಅಂತ.”

ಬಿಸಿಲಲ್ಲಿ ಎಲೆಯೇ ಗಿಡಕ್ಕೆ ಅನ್ನ ಮಾಡುತ್ತದೆಂದು ಶಾಲೆಯಲ್ಲಿ ಓದಿದ್ದೆ. ಉಪ್ಪು ನೆಲದಲ್ಲಿ ಆ ಅಡುಗೆ ಹೇಗೆ ನಡೆಯುತ್ತದೆಂದು ತೋರಿಸಿದವಳು ನೀನು. ಸಣ್ಣ, ದಪ್ಪ, ಕಡುಹಸಿರು ಎಲೆ. ನೀರು ಆರದಂತೆ ಮಧ್ಯಾಹ್ನದ ಬಿಸಿಲಿಗೆ ಮುಖ ಕೊಡದೆ ಅಂಚು ತಿರುಗಿಸಿ ನಿಲ್ಲುತ್ತಿತ್ತು. “ಒಲಿ ಸಣ್ಣ ಉರಿಯಾಗ ಇಟ್ಟೈತಿ, ಆರಸಿಲ್ಲ” ಅಂದಿದ್ದೆ ನೀನು. ಹಾಗೆ ಬದುಕಿ ಕಾಯಿ ಕಟ್ಟಿದ ಗಿಡಗಳ ಬೀಜವನ್ನಷ್ಟೇ ವರ್ಷವರ್ಷ ಆರಿಸಿ, ಹುಳ ಹತ್ತದಂತೆ ಬೂದಿ ಕಲಸಿ ಗಡಿಗೆಯಲ್ಲಿ ಇಡುತ್ತಿದ್ದೆ.

ಆ ಹನ್ನೊಂದನೆಯ ದಿನ ಭಾವನವರೇ ಗಡಿಗೆ ಇಳಿಸಿದರು. “ಆಕಿ ಬೆಳದ ಕಾಳ. ಮಂದಿಗೆ ಇದರದ ಪಲ್ಯಾ ಉಣಸೋಣು.” ಪ್ರೀತಿಯಿಂದಲೇ ಅಂದರು. ಬಿತ್ತುವ ಕಾಳೆಂದು ನನಗೊಬ್ಬಳಿಗೆ ಗೊತ್ತಿತ್ತು. ಬಾಯಿ ತೆರೆದೆ, ಆದರೆ… ಸಾವಿನ ಮನೆಯಲ್ಲಿ, ಅಷ್ಟು ಮಂದಿಯೆದುರು, ಭಾವನವರಿಗೆ ಎದುರು ಮಾತೇ? ಬೂದಿ ತೊಳೆದವಳು ನಾನೇ. “ಕಾಳ ಭಾಳ ಛಲೋ ಅದಾವ, ಇನ್ನಷ್ಟ ಹಾಕ್ರಿ” ಎಂದು ಬೀಗರೊಬ್ಬರು ತಾಟು ಮುಂದೆ ಮಾಡಿದರು. ಹಾಕಿದೆ. ಕೊನೆಗೆ ನಾನೂ ಉಂಡೆ. ರುಚಿಯಾಗಿತ್ತು. ಥೂ.

ನಿನಗೆ ಗೊತ್ತಿಲ್ಲದ ಸುದ್ದಿಯೊಂದಿದೆ. ಕಾಳು ತೊಳೆದ ನೀರನ್ನು ಬಚ್ಚಲ ಹಿಂದೆ ಚೆಲ್ಲಿದ್ದೆ. ಸಾಬೂನು, ಸೋಡಾ ಇಳಿದು ಬೆಳ್ಳಗಾದ ಗಲೀಜು ನೆಲ. ಕೈತಪ್ಪಿದ ಕಾಳು ಅಲ್ಲಿ ಮೂರು ಗಿಡವಾದವು. ಕೆಳಗಿನ ಎಲೆ ಹಳದಿಯಾದದ್ದೇ, “ರೋಗ ಬಂದೈತಿ, ಕಿತ್ತ ಒಗೀತೀನಿ” ಎಂದು ಭಾವನವರು ಬಗ್ಗಿದರು.

“ಮುಟ್ಟಬ್ಯಾಡ್ರಿ. ಅಕ್ಕನ ಬೀಜ ಅದು. ಅವತ್ತ ನಾವು ಉಂಡದ್ದೂ ಬೀಜಾನ.”

ಅವರು ಅಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟರು. “ಯವ್ವಾ, ಅವತ್ತ ಯಾಕ ಹೇಳಲಿಲ್ಲ?” ಅಂದರು.

ಆ ಮೂರು ಗಿಡಗಳಿಂದ ಒಂದು ಬೊಗಸೆ ಕಾಳು ಸಿಕ್ಕಿದೆ. ಬೂದಿ ಕಲಸಿ ನನ್ನ ಟ್ರಂಕಿನಲ್ಲಿ, ನಿನ್ನ ಇಳಕಲ್ ಸೀರೆಯ ಕೆಳಗೆ ಇಟ್ಟಿದ್ದೇನೆ. ಮಳೆ ಬಿದ್ದ ಮೇಲೆ ಹೊಲದ ಆ ಬಿಳಿ ಮೂಲೆಯಲ್ಲಿ ಊರುತ್ತೇನೆ. ಅಲ್ಲಿ ಕಾಯಿ ಬಿಡುವವರೆಗೆ ಅಲಸಂದೆ ನನ್ನ ಬಾಯಿಗೆ ಬೇಡ.